ಡ್ರಿಲ್ ಮಾಸ್ತರರೂ ಮುದ್ದಣ ಕವಿಯೂ

ಕೆಲವು ವರ್ಷಗಳ ಹಿಂದೆ ಮೇಲಿನ ತರಗತಿಯೊಂದರಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವನ್ನು ಪಾಠ ಹೇಳುತ್ತಿದ್ದೆನು. ಅರಮನೆಯಿಂದ ಮನೆಗೆ ಬಂದ ಕವಿ, ಅವನನ್ನು ಉಪಚರಿಸಿ ಕತೆ ಹೇಳೆಂದು ಕಾಡುವ ಮಡದಿ, ಹೊರಗೆ ಮಳೆಗಾಲ, ಈ ಸನ್ನಿವೇಶವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸರ್, ಈ ಮುದ್ದಣ ಯಾವ ಅರಸನ ಅರಮನೆಯಲ್ಲಿ ಇದ್ದದ್ದು?” ಎಂದು ಕೇಳಿದನು. “ಯಾವ ಅರಮನೆಯಲ್ಲಿಯೂ ಇರಲಿಲ್ಲ. ಉಡುಪಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದರು” ಎಂದೆನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಆ ನಗುವಿನಲ್ಲಿ ಕೇಡೇನೂ ಇರಲಿಲ್ಲ. ಬಾಯಲ್ಲಿ ಸೀಟಿ ಕಚ್ಚಿಕೊಂಡು ಮೈದಾನದಲ್ಲಿ ನಿಲ್ಲುವವರು ಹಳಗನ್ನಡದಲ್ಲಿ ಕಾವ್ಯ ಬರೆದರೆಂಬುದು ಮಕ್ಕಳಿಗೆ ವಿಚಿತ್ರವಾಗಿ ಕಂಡಿತು, ನಕ್ಕರು, ಅಷ್ಟೇ. ಆದರೆ ಗಂಟೆ ಬಾರಿಸಿ ಮಕ್ಕಳು ಹೊರಟುಹೋದ ಮೇಲೂ ಆ ನಗು ನನ್ನ ಕಿವಿಯಲ್ಲಿ ಉಳಿಯಿತು. ಸುಮಾರು ನೂರಮೂವತ್ತು ವರ್ಷಗಳ ಹಿಂದೆ ಆ ಮಾಸ್ತರರು ತಮ್ಮ ಕೃತಿಗಳ ಮೇಲೆ ತಮ್ಮ ಹೆಸರನ್ನು ಹಾಕದೆ ಮರೆಯಾಗಿ ನಿಂತದ್ದು ಇಂಥದೊಂದು ನಗುವಿಗೆ ಅಂಜಿಯೇ ಇರಬಹುದಲ್ಲವೇ ಎಂದು ತೋರಿತು. ಆ ಯೋಚನೆಯೇ ಈ ಲೇಖನಕ್ಕೆ ಕಾರಣ.

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಯಾವ ಉದ್ಯೋಗ, ಯಾವ ಪುರುಷನಿಗೆ ಎಂಬ ಪ್ರಶ್ನೆಯನ್ನು ಆ ಮಾತು ಎತ್ತುವುದಿಲ್ಲ. ಲೋಕದಲ್ಲಿ ತನಗೆ ಒಗ್ಗಿದ ಕೆಲಸವನ್ನು ಮಾಡಿ ಅನ್ನ ಸಂಪಾದಿಸುವ ಭಾಗ್ಯ ಕೆಲವರಿಗೆ ಮಾತ್ರ ಉಂಟು. ಉಳಿದವರು ದೊರೆತುದನ್ನು ಹಿಡಿದು ನಡೆಯುವವರು. ಒಗ್ಗದ ಉದ್ಯೋಗವೆಂದರೆ ಬಾರದ ಉದ್ಯೋಗವೆಂದು ತಿಳಿಯುವುದು ಸಾಮಾನ್ಯ. ಅದು ಸರಿಯಲ್ಲ. ಕೆಲಸವೇ ಬಾರದವನ ಸಂಕಟ ಒಂದು ಬಗೆ. ಅದು ಬೇಗನೆ ಬಯಲಾಗುತ್ತದೆ, ಒಂದಲ್ಲ ಒಂದು ರೀತಿ ಮುಗಿಯುತ್ತದೆ. ಕೆಲಸವು ಬರುತ್ತದೆ, ಆದರೆ ತನ್ನಲ್ಲಿರುವ ಉತ್ತಮವಾದ ಶಕ್ತಿಯನ್ನು ಆ ಕೆಲಸ ಎಂದೂ ಕೇಳುವುದಿಲ್ಲ ಎಂಬುದು ಇನ್ನೊಂದು ಬಗೆ. ಇದು ಹೊರಗೆ ಕಾಣದು. ಇದಕ್ಕಿಂತಲೂ ಕಠಿನವಾದ ಮೂರನೆಯ ಬಗೆಯೊಂದಿದೆ: ಹಿಡಿದ ಹುದ್ದೆಯೇ ಮನುಷ್ಯನ ಗುರುತಾಗಿ, ಆ ಹುದ್ದೆಗೆ ಮೀರಿದ ಮಾತನ್ನು ಅವನು ಆಡಿದರೆ ಯಾರೂ ನಂಬದಂತಾಗುವುದು. ನಂದಳಿಕೆಯ ಲಕ್ಷ್ಮೀನಾರಣಪ್ಪನವರ ಬಾಳಿನಲ್ಲಿ ಎರಡನೆಯದೂ ಮೂರನೆಯದೂ ಕೂಡಿಕೊಂಡಿದ್ದುವು.

*

ಮೊದಲು ಆ ಕಾಲ, ಆ ನಾಡು ಎಂತಿದ್ದುವೆಂಬುದನ್ನು ನೋಡೋಣ.

1862ರಲ್ಲಿ ಕೆನರಾ ಜಿಲ್ಲೆ ಎರಡಾಗಿ, ಉತ್ತರಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ದಕ್ಷಿಣಭಾಗವು ಮದರಾಸು ಆಧಿಪತ್ಯದಲ್ಲಿಯೇ ಉಳಿಯಿತು. ಹೀಗೆ ಉಳಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಉಡುಪಿ, ಕುಂದಾಪುರಗಳು ಇದ್ದಂತೆಯೇ ನಮ್ಮ ಕಾಸರಗೋಡೂ ಇತ್ತು. 1956ನೆಯ ನವೆಂಬರ್ 1ರ ವರೆಗೂ ಇತ್ತು. ಮನೆಯಲ್ಲಿ ತುಳು, ಕೊಂಕಣಿ, ಮಲೆಯಾಳ, ಮರಾಟಿಗಳಲ್ಲಿ ಯಾವುದಾದರೊಂದು, ಶಾಲೆಯಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ಕನ್ನಡ ಎಂಬುದು ಈ ಜಿಲ್ಲೆಯ ರೀತಿ. ಆಡಳಿತದ ಕಟ್ಟಳೆಗಳು ಮದರಾಸಿನಿಂದ ಬರುತ್ತಿದ್ದುವು; ಕನ್ನಡ ವಿದ್ವತ್ತಿನ ಮನ್ನಣೆ ಮೈಸೂರಿನಿಂದ ಬರಬೇಕಾಗಿತ್ತು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೆ ಮೊದಲು ಉಡುಪಿಯಿಂದ ಮೈಸೂರಿಗೆ ಹೋಗುವ ಒಂದು ಕಟ್ಟು ಕಾಗದವು ಘಟ್ಟವನ್ನು ಹತ್ತಿಯೇ ಹೋಗಬೇಕು. ಒಂದೇ ಭಾಷೆಯನ್ನಾಡುವ ಎರಡು ನಾಡುಗಳ ನಡುವೆ ಇದ್ದ ಈ ಅಂತರವನ್ನು ಗಡಿಯಲ್ಲಿರುವ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಶಾಲೆಗಳಲ್ಲಿ ಡ್ರಿಲ್ಲು, ಕಸರತ್ತುಗಳು ನೆಲೆಗೊಂಡುದೂ ಆ ಕಾಲದಲ್ಲಿಯೇ. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ದೇಶೀಯ ಆಟಗಳಿಂದಲೂ ಕಸರತ್ತಿನಿಂದಲೂ ಡ್ರಿಲ್ಲಿನಿಂದಲೂ ವಿದ್ಯಾರ್ಥಿಗಳ ಶರೀರವನ್ನು ಬೆಳೆಸಬೇಕೆಂದು ಸಲಹೆ ಮಾಡಿತು. ಸಲಹೆ ಒಳ್ಳೆಯದೇ. ಆದರೆ ಶಾಲೆಯ ಪಂಕ್ತಿಯಲ್ಲಿ ಈ ಕೆಲಸದ ಸ್ಥಾನ ಎಲ್ಲಿತ್ತು? ಮೇಲೆ ಇಂಗ್ಲಿಷು ಕಲಿಸುವವರು. ಅವರಿಂದ ಕೆಳಗೆ ಗಣಿತ, ಚರಿತ್ರೆಗಳವರು. ಅವರಿಂದ ಕೆಳಗೆ ದೇಶಭಾಷೆಯ ಪಂಡಿತರು. ಎಲ್ಲರಿಂದ ಕೆಳಗೆ ಡ್ರಿಲ್ ಮಾಸ್ತರರು. ಅವರ ವಿಷಯಕ್ಕೆ ಪರೀಕ್ಷೆಯ ಭಯವಿಲ್ಲ. ಪರೀಕ್ಷೆಯ ಭಯವಿಲ್ಲದ ವಿಷಯಕ್ಕೆ ಮರ್ಯಾದೆಯೂ ಇಲ್ಲ. ಈ ಉದ್ಯೋಗಕ್ಕೆ ವಿದ್ಯೆಯ ಘನತೆಯನ್ನು ತಂದುಕೊಡುವುದಕ್ಕೆ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ಪ್ರಾರಂಭವಾದುದು 1920ರಲ್ಲಿ. ನಮ್ಮ ಕವಿ ತೀರಿಕೊಂಡು ಆಗ ಹತ್ತೊಂಬತ್ತು ವರ್ಷಗಳಾಗಿದ್ದುವು.

*

ಲಕ್ಷ್ಮೀನಾರಣಪ್ಪನವರು ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ನೆಯ ಜನವರಿ 24ರಂದು ಜನಿಸಿದರು. ತಂದೆ ಪಾಠಾಳಿ ತಿಮ್ಮಪ್ಪಯ್ಯನವರು, ತಾಯಿ ಮಹಾಲಕ್ಷ್ಮಮ್ಮನವರು. ಮನೆಯಲ್ಲಿ ಬಡತನ. ಮಗುವನ್ನು ಮುದ್ದಿನಿಂದ ‘ಮುದ್ದಣ’ ಎಂದು ಕರೆಯುತ್ತಿದ್ದರು. ಊರಿನಲ್ಲಿ ಮೊದಲ ಅಕ್ಷರಾಭ್ಯಾಸ. ಅನಂತರ ಉಡುಪಿಯಲ್ಲಿ ಇಂಗ್ಲಿಷು ಶಾಲೆ. ಹಣದ ಅನುಕೂಲವಿಲ್ಲದೆ ಆ ವ್ಯಾಸಂಗ ಅರ್ಧಕ್ಕೆ ನಿಂತಿತು. ಪರೀಕ್ಷೆಯ ಪದವಿಯಿಲ್ಲದ ಬಡ ತರುಣನಿಗೆ ಶಾಲೆಯೊಳಗೆ ಪ್ರವೇಶಿಸಲು ತೆರೆದಿದ್ದುದು ಮೈದಾನದ ಕಡೆಯ ಬಾಗಿಲೊಂದೇ. ಅವರು ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿಯನ್ನು ಪಡೆದು ಬಂದರು. ಉಡುಪಿ, ಕುಂದಾಪುರಗಳ ಹೈಸ್ಕೂಲುಗಳಲ್ಲಿ ಆ ಕೆಲಸವನ್ನು ಮಾಡಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅವರು ಕೆಲಸ ಬಾರದೆ ಕಾಲಕಳೆದವರಲ್ಲ. ದೂರದ ಊರಿಗೆ ಹೋಗಿ ಕಲಿತುಕೊಂಡು ಬಂದು, ಕಲಿತುದನ್ನು ಕಲಿಸಿ ಸಂಬಳ ಪಡೆದವರು. ಕವಿಯಾದವನು ತನ್ನ ಉದ್ಯೋಗದಲ್ಲಿ ಸೋಮಾರಿಯಾಗಿರುತ್ತಾನೆಂಬ ಕಲ್ಪನೆ ಅನೇಕರಲ್ಲಿ ಉಂಟು. ಅದನ್ನು ಇವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರಲ್ಲಿದ್ದ ತೊಡಕು ಬೇರೆ. ಹಗಲೆಲ್ಲ ಅವರ ಬಾಯಿಂದ ಹೊರಡಬೇಕಾಗಿದ್ದ ಮಾತುಗಳು ನಾಲ್ಕಾರು ಆಜ್ಞೆಗಳು ಮಾತ್ರ, ಅವೂ ಇಂಗ್ಲಿಷಿನವು. ನಿಲ್ಲು, ತಿರುಗು, ನಡೆ ಎಂಬಷ್ಟರಿಂದ ಆ ವಿದ್ಯೆಯ ಮಾತು ಮುಗಿಯುತ್ತಿತ್ತು. ಅದೇ ಬಾಯಿಗೆ ಕನ್ನಡದ ಸಾವಿರ ವರ್ಷಗಳ ನುಡಿಸಿರಿ ಒಲಿದುಬಂದಿತ್ತು ಎಂಬುದನ್ನು ಆ ಮೈದಾನದಲ್ಲಿ ಯಾರು ಬಲ್ಲರು?

ನುಡಿಸಿರಿ ಹೇಗೆ ಒಲಿಯಿತು? ಯಕ್ಷಗಾನದ ನಾಡಿನಲ್ಲಿ ಹುಟ್ಟಿದವರಿಗೆ ಪುರಾಣದ ಕತೆಯೂ ಲಯವೂ ಎಳೆತನದಲ್ಲಿಯೇ ದೊರೆಯುತ್ತವೆ. ತರುಣರಾಗಿದ್ದಾಗಲೇ ಅವರು ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಕಟ್ಟಿದರು. ಹಳಗನ್ನಡದ ವ್ಯಾಸಂಗಕ್ಕೆ ಮಳಲಿ ಸುಬ್ಬರಾಯರೆಂಬ ವಿದ್ವಾಂಸರ ಗೆಳೆತನವು ನೆರವಾಯಿತು. ಈ ವಿದ್ಯೆಗೆ ಸಂಬಳವಿರಲಿಲ್ಲ, ವೇಳಾಪಟ್ಟಿಯಿರಲಿಲ್ಲ, ಮೇಲಧಿಕಾರಿಗಳ ತನಿಖೆಯಿರಲಿಲ್ಲ. ಶಾಲೆಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತು, ಉಳಿದ ಎಣ್ಣೆ, ಉಳಿದ ಕಣ್ಣು. ಇವೇ ಅದಕ್ಕೆ ಬಂಡವಾಳ.

ಹೀಗೆ ಸಿದ್ಧವಾದುವು ಮೂರು ಕೃತಿಗಳು: ಗದ್ಯದಲ್ಲಿ ‘ಅದ್ಭುತ ರಾಮಾಯಣ’, ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮ ಪಟ್ಟಾಭಿಷೇಕ’, ಪುನಃ ಗದ್ಯದಲ್ಲಿ ‘ಶ್ರೀರಾಮಾಶ್ವಮೇಧ’. ಆ ಕಾಲದಲ್ಲಿ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಪ್ರಾಚೀನ ಕನ್ನಡ ಗ್ರಂಥಗಳನ್ನು ಹುಡುಕಿ ತಿದ್ದಿ ಮಾಲೆಯಾಗಿ ಅಚ್ಚು ಮಾಡಿಸುತ್ತಿದ್ದರು. ಉಡುಪಿಯ ಡ್ರಿಲ್ ಮಾಸ್ತರರು ತಮ್ಮ ಕೃತಿಗಳನ್ನು ಅವರಿಗೆ ಕಳುಹಿಸಿದರು. ಆದರೆ ತಾವು ಬರೆದುದೆಂದು ಹೇಳಲಿಲ್ಲ. ತಮಗೆ ದೊರೆತ ಹಳೆಯ ಗ್ರಂಥಗಳೆಂಬಂತೆ ಕಳುಹಿಸಿದರು. ಕವಿಯ ಹೆಸರು ಬೇಕಾದಲ್ಲಿ, ಬಾಲ್ಯದಲ್ಲಿ ಮನೆಯವರು ಕರೆಯುತ್ತಿದ್ದ ಆ ಮುದ್ದಿನ ಹೆಸರನ್ನೇ ಇಟ್ಟರು. ಮಂಗಳೂರಿನ ‘ಸುವಾಸಿನಿ’ ಪತ್ರಿಕೆಗೆ ಬರೆದಾಗಲೂ ‘ಚಕ್ರಧಾರಿ’ ಎಂಬ ಮತ್ತೊಂದು ಹೆಸರಿನ ಮರೆಯನ್ನು ಹಿಡಿದರು.

ಕ್ಷಯರೋಗವು ಅವರನ್ನು ಹಿಡಿಯಿತು. ಆ ರೋಗದ ಅಣುಜೀವಿಯನ್ನು ಜರ್ಮನಿಯಲ್ಲಿ 1882ರಲ್ಲಿ ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಮದ್ದು ದೊರೆತುದು 1940ರ ದಶಕದಲ್ಲಿ. ರೋಗಕ್ಕೆ ಉದ್ಯೋಗವೇ ಕಾರಣವೆಂದು ಹೇಳಿದರೆ ಅದು ಕತೆಯಾದೀತು, ಚರಿತ್ರೆಯಾಗದು. ಆದರೆ ಹಗಲು ಒಂದು ಬಾಳು, ಇರುಳು ಇನ್ನೊಂದು ಬಾಳು ಎಂದು ಎರಡನ್ನು ಹೊತ್ತವರಿಗೆ ಆಯುಸ್ಸು ಒಂದೇ ಇತ್ತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದರ ಹರೆಯದಲ್ಲಿ, ಲಕ್ಷ್ಮೀನಾರಣಪ್ಪನವರು ಮಡದಿಯನ್ನೂ ಎಳೆಯ ಮಗನನ್ನೂ ಬಿಟ್ಟು ತೀರಿಕೊಂಡರು. ಮುದ್ದಣನು ಯಾರೆಂಬುದು ಲೋಕಕ್ಕೆ ನಿಸ್ಸಂದೇಹವಾಗಿ ತಿಳಿದುದು ಅವರು ಸತ್ತ ಬಹುಕಾಲದ ಮೇಲೆ.

*

ಹೆಸರನ್ನು ಏತಕ್ಕೆ ಮರೆಸಿದರು? ಸಂಕೋಚ ಸ್ವಭಾವವೆಂದು ಕೆಲವರು. ಹೊಸಬನ ಕೃತಿಯನ್ನು ಪಂಡಿತರು ಓದಲಾರರೆಂಬ ಶಂಕೆಯೆಂದು ಕೆಲವರು. ಎರಡೂ ನಿಜವಿರಬಹುದು. ಆದರೆ ಉಪಾಧ್ಯಾಯರಾದ ನಮಗೆ ಮೂರನೆಯ ಕಾರಣವೊಂದು ಕಾಣಬೇಕು. ಹಳೆಯ ಕವಿಯೆಂದರೆ ಕೃತಿಯನ್ನು ನೋಡಿ ಬೆಲೆ ಕಟ್ಟುತ್ತಾರೆ. ಬದುಕಿರುವ ಡ್ರಿಲ್ ಮಾಸ್ತರನೆಂದರೆ ಹುದ್ದೆಯನ್ನು ನೋಡಿ ಬೆಲೆ ಕಟ್ಟುತ್ತಾರೆ. ತನ್ನ ಕಾಲದ ಶಾಲೆಯ ಪಂಕ್ತಿಯಲ್ಲಿ ತನ್ನ ಸ್ಥಾನ ಯಾವುದೆಂದು ಪ್ರತಿದಿನವೂ ಕಂಡವರಿಗೆ ಈ ಲೆಕ್ಕ ತಿಳಿಯದೆ ಇರುತ್ತದೆಯೇ? ಸತ್ತುಹೋದ ಕಲ್ಪಿತ ಕವಿಗೆ ತನ್ನ ಕಾವ್ಯವನ್ನು ಒಪ್ಪಿಸಿಕೊಟ್ಟರೆ ಮಾತ್ರ ಅದು ಬದುಕೀತೆಂದು ಒಬ್ಬ ಬದುಕಿದ್ದ ಮನುಷ್ಯನಿಗೆ ತೋರಿತು. ಒಗ್ಗದ ಉದ್ಯೋಗವು ಮಾಡಬಲ್ಲ ಅನ್ಯಾಯದಲ್ಲಿ ಇದಕ್ಕಿಂತ ಮೇಲಾದುದನ್ನು ನಾನು ಕಾಣೆ. ಅದು ಅವರ ಹೊತ್ತನ್ನು ತೆಗೆದುಕೊಂಡಿತು, ಸರಿ. ಅದರ ಬದಲಿಗೆ ಅನ್ನ ಕೊಟ್ಟಿತು. ಅದು ಅವರ ಹೆಸರನ್ನೂ ತೆಗೆದುಕೊಂಡಿತು. ಅದಕ್ಕೆ ಬದಲಾಗಿ ಏನನ್ನೂ ಕೊಡಲಿಲ್ಲ.

ಈ ಹಿನ್ನೆಲೆಯಲ್ಲಿ ‘ಶ್ರೀರಾಮಾಶ್ವಮೇಧ’ದ ಆರಂಭವನ್ನು ಮತ್ತೊಮ್ಮೆ ಓದಿದರೆ ಅದರ ವಿನೋದದ ಒಳಗೆ ಬೇರೊಂದು ಸ್ವರ ಕೇಳಿಸುತ್ತದೆ. ದಿನವೂ ಮೈದಾನದ ಧೂಳಿನಿಂದ ಮನೆಗೆ ಮರಳುತ್ತಿದ್ದವರು ಕೃತಿಯಲ್ಲಿ ಅರಮನೆಯಿಂದ ಮನೆಗೆ ಮರಳುವ ಕವಿಯಾಗಿದ್ದಾರೆ. ದಿನವೂ ಆಜ್ಞೆ ಕೊಡುತ್ತಿದ್ದವರು ಇಲ್ಲಿ ಮಡದಿಯ ಆಜ್ಞೆಗೆ ಕಾಯುತ್ತಾರೆ. ಕತೆಯನ್ನು ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಎಂದರೆ ಮನೋರಮೆ ಪದ್ಯದ ಗೊಡವೆಯೇ ಬೇಡವೆನ್ನುತ್ತಾಳೆ. ಸಂಸ್ಕೃತವನ್ನು ಬೆರಸುವ ವಿಷಯದಲ್ಲಿಯೂ ಅವಳಿಗೆ ಅವಳದೇ ಅಭಿಪ್ರಾಯ. ತಿಳಿಯದ ಮಾತನ್ನು ಅವನು ಆಡಿದಾಗ ತಡೆದು ಕೇಳುತ್ತಾಳೆ, ಹಾಸ್ಯ ಮಾಡುತ್ತಾಳೆ, ಮೆಚ್ಚಿದಲ್ಲಿ ಮೆಚ್ಚುತ್ತಾಳೆ. ಹೊರಗಿನ ಲೋಕದಲ್ಲಿ ಅವರಿಗೆ ದೊರೆಯದಿದ್ದುದು ಇದೇ: ಹುದ್ದೆಯನ್ನು ಕೇಳದೆ ಮಾತನ್ನು ಕೇಳುವ ಒಂದು ಕಿವಿ. ಹೊಸಗನ್ನಡದ ಅರುಣೋದಯವನ್ನು ಸೂಚಿಸಿದ ಕವಿಯೆಂದು ಮುದ್ದಣನನ್ನು ನಾವು ಹೊಗಳುತ್ತೇವೆ. ಪ್ರಾಚೀನರ ನುಡಿಯಲ್ಲಿ ಬರೆದರೂ ಗಂಡಹೆಂಡಿರ ಸಹಜವಾದ ಸರಸ ಸಂಭಾಷಣೆಯನ್ನು ಕಾವ್ಯದೊಳಕ್ಕೆ ತಂದುದರಿಂದಲೇ ಆ ಹೊಗಳಿಕೆ ಸಂದಿದೆ.

*

“ಹಾಗಾದರೆ ಆ ಕೆಲಸವನ್ನು ಬಿಡಬಹುದಾಗಿತ್ತಲ್ಲ?” ಎಂದು ವಿದ್ಯಾರ್ಥಿಗಳು ಕೇಳಬಹುದು. ಬಿಟ್ಟವರೂ ಉಂಟು. ಟಿ. ಪಿ. ಕೈಲಾಸಂ ಅವರು ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದು ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅದನ್ನು ತೊರೆದು ನಾಟಕಕ್ಕೆ ತಮ್ಮನ್ನು ಕೊಟ್ಟುಕೊಂಡರು. ಕನ್ನಡ ರಂಗಭೂಮಿಗೆ ಅದರಿಂದ ಲಾಭವೇ ಆಯಿತು. ಆದರೆ ಅವರು ಮೈಸೂರಿನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಪರಮಶಿವ ಅಯ್ಯರ್ ಅವರ ಪುತ್ರರು. ಬಿಡುವುದಕ್ಕೂ ಒಂದು ಆಸರೆ ಬೇಕು. ನಂದಳಿಕೆಯ ಬಡವರ ಮನೆಯ ಮಗನಿಗೆ ಸಂಬಳದ ದಿನ ತಪ್ಪಿದರೆ ಮನೆಯ ಒಲೆಯೂ ತಪ್ಪುತ್ತಿತ್ತು. ಪುಸ್ತಕದಿಂದ ಅನ್ನ ದೊರೆಯುವ ಕಾಲವೂ ಅದಾಗಿರಲಿಲ್ಲ. ಆದುದರಿಂದ ಧೈರ್ಯವಿದ್ದವರು ಬಿಟ್ಟರು, ಇಲ್ಲದವರು ಉಳಿದರು ಎಂಬ ತೀರ್ಪನ್ನು ನಾವು ಕೊಡಬಾರದು. ಉಳಿದು ಬರೆಯುವುದಕ್ಕೂ ಧೈರ್ಯ ಬೇಕು.

ಬಿಡುವುದು, ಸಹಿಸುವುದು ಎಂಬ ಎರಡು ದಾರಿಗಳಲ್ಲದೆ ಮೂರನೆಯ ದಾರಿಯೊಂದು ಉಂಟೆಂಬುದಕ್ಕೆ ಇದೇ ಕರಾವಳಿಯ ಚರಿತ್ರೆಯಲ್ಲಿ ದೃಷ್ಟಾಂತವಿದೆ. ಜರ್ಮನಿಯ ಫರ್ಡಿನಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಶನ್ನಿನ ಧರ್ಮಬೋಧಕರಾಗಿ ಈ ದೇಶಕ್ಕೆ ಬಂದರು. ಬಂದ ಉದ್ದೇಶ ಬೋಧನೆ. ಅವರ ಮನಸ್ಸು ಹೋದುದು ಕನ್ನಡದ ಶಬ್ದಗಳ ಕಡೆಗೆ, ಛಂದಸ್ಸಿನ ಕಡೆಗೆ, ಜನರ ಆಡುಮಾತಿನ ಕಡೆಗೆ. ಈ ಒಲವಿನಿಂದಲೂ ಅವರ ನಡವಳಿಕೆಯ ರೀತಿಯಿಂದಲೂ ಮಿಶನ್ನಿನ ಹಿರಿಯರಿಗೆ ಅವರ ಮೇಲೆ ಅಸಮಾಧಾನವಿತ್ತು. ಅಲ್ಲಿಗೇ ಮುಗಿದಿದ್ದರೆ ಕಿಟ್ಟೆಲರೂ ಒಗ್ಗದ ಕೆಲಸದಲ್ಲಿ ನವೆದ ಮತ್ತೊಬ್ಬರಾಗುತ್ತಿದ್ದರು. ಆದರೆ ಅವರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಹೊರತಂದರು. ಅಂಥವರ ಕೈಗೇ ನಿಘಂಟಿನ ಕಾರ್ಯವು ಬಂದಿತು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಿತವಾಗಿ ಹೊರಬಂದಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ತಾನು ಕಳುಹಿಸಿದ ಕೆಲಸಕ್ಕೆ ಮನುಷ್ಯ ಒಗ್ಗದಿದ್ದಾಗ ಸಂಸ್ಥೆಯು ಕೊನೆಗೆ ಮನುಷ್ಯನಿಗೆ ಒಗ್ಗುವ ಕೆಲಸವನ್ನು ಅವನ ಮುಂದಿಟ್ಟುದರ ಫಲವಿದು. ಅದೇ ನಿಘಂಟು ಮಂಗಳೂರಿನಲ್ಲಿ ಅಚ್ಚಾದ ವರ್ಷಗಳಲ್ಲಿಯೇ, ಅಲ್ಲಿಂದ ಸುಮಾರು ಮೂವತ್ತೈದು ಮೈಲು ದೂರದ ಉಡುಪಿಯ ಕಡೆ, ಅದರ ಶಬ್ದಗಳನ್ನೇ ಬದುಕಿಸಿ ಬಳಸಬಲ್ಲ ಒಬ್ಬರು ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದರು ಎಂಬುದನ್ನು ಮರೆಯಬಾರದು.

ಉದ್ಯೋಗವು ಒಗ್ಗಿದಾಗ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಬಂಟವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮುದ್ದಣನಿಗಿಂತ ನಾಲ್ಕು ವರ್ಷ ಕಿರಿಯರು. ಅದೇ ಜಿಲ್ಲೆ, ಅದೇ ಬಡತನ, ಅದೇ ವಿದ್ಯಾ ಇಲಾಖೆ. ಆದರೆ ಅವರಿಗೆ ದೊರೆತುದು ಕನ್ನಡ ಕಲಿಸುವ ಕೆಲಸ. ಮುಂದೆ ಊರೂರಿನ ಶಾಲೆಗಳನ್ನು ತನಿಖೆ ಮಾಡುವ ಕೆಲಸ. ಅನಂತರ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರ ಕೆಲಸ. ಮಕ್ಕಳ ಬಾಯಿಗೆ ಯಾವ ಶಬ್ದ ಹತ್ತುತ್ತದೆ, ಯಾವ ಲಯಕ್ಕೆ ಅವರ ಕಾಲು ಕುಣಿಯುತ್ತದೆ ಎಂಬುದನ್ನು ಅವರು ತರಗತಿಯಲ್ಲಿಯೇ ಕಂಡರು. ಶಿಶುಗೀತಗಳೂ ಪಠ್ಯಪುಸ್ತಕಗಳೂ ಅಲ್ಲಿಂದ ಹುಟ್ಟಿದುವು. ಕೊಡಗಿನಲ್ಲಿದ್ದಾಗ ‘ಹುತ್ತರಿ ಹಾಡು’ ಹುಟ್ಟಿತು. ಅವರೂ ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. ಆದರೆ ಆ ಹೆಸರಿನ ಹಿಂದೆ ಯಾರಿದ್ದಾರೆಂದು ನಾಡಿಗೆಲ್ಲ ತಿಳಿದಿತ್ತು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಅವರನ್ನು ಕುಳ್ಳಿರಿಸಿ ಕನ್ನಡಿಗರು ಗೌರವಿಸಿದರು. ಒಬ್ಬರಿಗೆ ಉದ್ಯೋಗವೇ ಕಾವ್ಯದ ಹೊಲವಾಯಿತು. ಇನ್ನೊಬ್ಬರು ಉದ್ಯೋಗವೆಂಬ ಬೇಲಿಯನ್ನು ದಿನದಿನವೂ ದಾಟಿ ಹೊಲಕ್ಕೆ ಹೋಗಬೇಕಾಯಿತು. ಇಬ್ಬರ ಪ್ರತಿಭೆಗಳನ್ನು ತೂಗಿ ನೋಡುವ ಮೊದಲು ಈ ಬೇಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

*

ಇಷ್ಟು ಚರಿತ್ರೆ. ಇದರಿಂದ ನಮಗೇನು?

ಗಡಿನಾಡಿನ ಶಾಲೆಗಳಲ್ಲಿ ಒಗ್ಗದ ಉದ್ಯೋಗವೆಂಬುದು ಅಪರೂಪದ ಸಂಗತಿಯಲ್ಲ. ಕನ್ನಡದ ಮೇಲೆ ಪ್ರಾಣವಿಟ್ಟುಕೊಂಡವರು ಹುದ್ದೆಯಿಲ್ಲದೆ ಲೆಕ್ಕಪತ್ರ ಬರೆಯುವುದನ್ನು ನಾವು ಕಂಡಿದ್ದೇವೆ. ಇದರ ತಿರುವುಮುರುವೂ ಉಂಟು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರನ್ನು ನೇಮಿಸಿದುದನ್ನು ವಿರೋಧಿಸಿ ಈಚಿನ ವರ್ಷಗಳಲ್ಲಿ ಮಕ್ಕಳೂ ತಾಯಿತಂದೆಗಳೂ ಶಾಲೆಯ ಬಾಗಿಲಲ್ಲಿ ನಿಲ್ಲಬೇಕಾಗಿ ಬಂದುದನ್ನು ಓದುಗರು ಬಲ್ಲರು. ಆ ಹೋರಾಟ ನ್ಯಾಯವಾದುದು. ಮಗುವಿಗೆ ತಿಳಿಯದ ಮಾತಿನಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಕಲಿಸಿದರೆ ಮಗುವಿಗೆ ನಷ್ಟವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ತರಗತಿಯ ಎದುರು ನಿಂತ ಅಧ್ಯಾಪಕರನ್ನೂ ಒಂದು ಗಳಿಗೆ ನೋಡಬೇಕು. ಅವರೂ ಹೊಟ್ಟೆಪಾಡಿಗೆ ಬಂದವರು. ತಮ್ಮ ಊರಿನ ಶಾಲೆಯಲ್ಲಿ ಅವರು ಒಳ್ಳೆಯ ಅಧ್ಯಾಪಕರೇ ಆಗಬಹುದಾಗಿತ್ತು. ಇಲ್ಲಿ ಅವರ ಬಾಯಿ ಕಟ್ಟಿದೆ. ಮುದ್ದಣನಿಗೆ ನುಡಿಯಿದ್ದು ಅದನ್ನಾಡುವ ಹುದ್ದೆಯಿರಲಿಲ್ಲ. ಇವರಿಗೆ ಹುದ್ದೆಯಿದ್ದು ಅದಕ್ಕೆ ಬೇಕಾದ ನುಡಿಯಿಲ್ಲ. ನೇಮಕ ಮಾಡುವವರ ಪಟ್ಟಿಯಲ್ಲಿ ಎರಡೂ ಬರಿಯ ಭರ್ತಿಯಾದ ಸ್ಥಾನಗಳು. ಆದುದರಿಂದ ನಮ್ಮ ಸಿಟ್ಟು ಪಟ್ಟಿಯ ಮೇಲಿರಬೇಕೇ ಹೊರತು ಅದರಲ್ಲಿ ಸಿಕ್ಕಿಬಿದ್ದ ಮನುಷ್ಯನ ಮೇಲಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇದು. ಪ್ರತಿಯೊಂದು ಶಾಲೆಯಲ್ಲಿಯೂ ತನ್ನ ಹುದ್ದೆಗಿಂತ ಹಿರಿದಾದ ಏನನ್ನೋ ಮುಚ್ಚಿಟ್ಟುಕೊಂಡವರು ಒಬ್ಬಿಬ್ಬರಾದರೂ ಇರುತ್ತಾರೆ. ಗುಮಾಸ್ತರಲ್ಲಿ ಹಾಡುಗಾರರಿರಬಹುದು, ಜವಾನರಲ್ಲಿ ಅರ್ಥಧಾರಿಗಳಿರಬಹುದು, ಹೊಲಿಗೆ ಕಲಿಸುವ ಅಕ್ಕನವರಲ್ಲಿ ಕತೆಗಾರ್ತಿಯರಿರಬಹುದು. ಅವರ ಹುದ್ದೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅವರನ್ನು ಹೆಸರು ಹಿಡಿದು ಕರೆಯುವುದು, ವಾರ್ಷಿಕೋತ್ಸವದ ವೇದಿಕೆಗೂ ಕೈಬರಹದ ಪತ್ರಿಕೆಗೂ ಅವರನ್ನು ಕರೆತರುವುದು ನಮ್ಮ ಕೈಯಲ್ಲಿದೆ. ಮಳಲಿ ಸುಬ್ಬರಾಯರು ಮಾಡಿದುದು ಇಷ್ಟೇ. ಒಬ್ಬ ಡ್ರಿಲ್ ಮಾಸ್ತರರಲ್ಲಿ ವಿದ್ವಾಂಸನನ್ನು ಕಂಡು ಜತೆಯಲ್ಲಿ ಕುಳಿತು ಓದಿದರು. ಆ ಒಂದು ಗೆಳೆತನ ಇಲ್ಲದಿದ್ದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಮನೋರಮೆ ಇರುತ್ತಿದ್ದಳೋ ಇಲ್ಲವೋ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮಲ್ಲಿ ಎಲ್ಲರಿಗೂ ಮನಸ್ಸಿಗೆ ಒಪ್ಪಿದ ಉದ್ಯೋಗವೇ ದೊರೆಯಲೆಂದು ಹಾರೈಸುತ್ತೇನೆ. ದೊರೆತೇ ದೊರೆಯುತ್ತದೆಂದು ಸುಳ್ಳು ಭರವಸೆ ಕೊಡಲಾರೆ. ದೊರೆಯದಿದ್ದರೆ, ಹಿಡಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿರಿ. ಏಕೆಂದರೆ ಅದರ ಇನ್ನೊಂದು ತುದಿಯಲ್ಲಿಯೂ ಮಕ್ಕಳೋ ರೋಗಿಗಳೋ ರೈತರೋ ಇರುತ್ತಾರೆ. ನಿಮಗೆ ಒಲಿದ ವಿದ್ಯೆಯನ್ನೂ ಕೈಬಿಡಬೇಡಿರಿ. ಒಂದು ವಿಷಯದಲ್ಲಿ ಮಾತ್ರ ಮುದ್ದಣನನ್ನು ಅನುಸರಿಸಬೇಡಿರಿ: ನೀವು ಮಾಡಿದ ಒಳ್ಳೆಯ ಕೆಲಸದ ಕೆಳಗೆ ನಿಮ್ಮ ಹೆಸರನ್ನು ಬರೆಯಿರಿ.

ಆ ದಿನ ಪ್ರಶ್ನೆ ಕೇಳಿದ ಹುಡುಗನು ಸಾಯಂಕಾಲ ನನ್ನಲ್ಲಿಗೆ ಬಂದು, “ಸರ್, ನಮ್ಮ ಪಿ.ಟಿ. ಸರ್ ಕೂಡ ಏನಾದರೂ ಬರೆಯುತ್ತಾರಾ?” ಎಂದು ಕೇಳಿದನು. ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಒಂದೇ ಕೊಠಡಿಯಲ್ಲಿ ಚಹಾ ಕುಡಿದಿದ್ದರೂ ನಾನು ಅವರನ್ನು ಅದುವರೆಗೆ ಕೇಳಿರಲಿಲ್ಲ. ಮರುದಿನ ಕೇಳಿದೆನು.